ಮೋಡದ ಖರ್ಚು, ಕಾಡಿನ ಜಮಾ

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ನನ್ನ ಕೈಗೆ ಆರು ಪುಟದ ಒಂದು ಇಂಗ್ಲಿಷ್ ಕಾಗದ ಕೊಟ್ಟರು. ಬೀದರಿನ ರಸ್ತೆ ಹೆದ್ದಾರಿಗೆ ಬಂದು ಕೂಡುವ ಮನ್ನಾಏಖೇಳ್ಳಿ ಕ್ರಾಸಿನ ಚಹಾದಂಗಡಿಯಲ್ಲಿ ಕುಳಿತಿದ್ದೆವು. 'ತಮ್ಮಾ, ನೀ ಓದದಾಂವ. ಇದ್ರಾಗ ಏನ್ ಬರ್ದಾರ ನೋಡಿ ಹೇಳು. ಗಿಡ ಹಚ್ಚಿದ್ರ ಗಾಳಿಗಿ ರೊಕ್ಕ ಕೊಡ್ತಾರಂತ' ಅಂದರು.

ಕಾಗದದಲ್ಲಿದ್ದದ್ದು ಇಷ್ಟು. ಹೊಲದ ಬದುಗಳ ಮೇಲೂ ಕಾಕಾನ ಎರಡೆಕರೆ ಮಡ್ಡಿಯಲ್ಲೂ ಕಂಪನಿಯೊಂದು ಪುಕ್ಕಟೆ ಸಸಿ ನೆಡಿಸುತ್ತದೆ. ಆ ಗಿಡಗಳು ಹೀರಿಕೊಳ್ಳುವ ಇಂಗಾಲದ ಮೇಲಿನ ಹಕ್ಕು 40 ವರ್ಷ ಕಂಪನಿಯದು. ಅಳತೆಯಾಗಿ, ತಪಾಸಣೆಯಾಗಿ, ಮಾರಾಟವಾದ ಮೇಲೆ ಬಂದ ಹಣದಲ್ಲಿ ರೈತನಿಗೆ ಒಂದು ಪಾಲು. ಕೇಳದೆ ಕಡಿಯುವಂತಿಲ್ಲ. ಕೊಳ್ಳುವವರು ಯಾರು ಅನ್ನುವುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು: ತಮ್ಮ ಡೇಟಾ ಸೆಂಟರುಗಳ ಹೊರಸೂಸುವಿಕೆಯನ್ನು ಸರಿದೂಗಿಸಲು ಬಯಸುವ ತಂತ್ರಜ್ಞಾನ ಸಂಸ್ಥೆಗಳು. ಕಾಕಾನಿಗೆ ಈಗ 58. ಕರಾರು ಮುಗಿಯುವ ಹೊತ್ತಿಗೆ 98 ಆಗುತ್ತದೆ.

ಆ ಸಾಲು ಓದುವಾಗ ನನ್ನ ಜೇಬಿನಲ್ಲಿದ್ದ ಫೋನು ಹಿಂದಿನ ವಾರ ತೆಗೆದ ದಾಖಲೆಗಳ ಚಿತ್ರಗಳನ್ನು ಒಂದೊಂದಾಗಿ ಕ್ಲೌಡಿಗೆ ಏರಿಸುತ್ತಿತ್ತು. ನನ್ನ ಸಂಶೋಧನೆ ನಿಜಾಮರ ಕಾಲದ ಬೀದರ ಜಿಲ್ಲೆಯ ಗಾಯರಾಣ, ಬಂಜರು, ಕಂಚೆಗಳ ಮೇಲೆ. ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದಲ್ಲಿ ಕುಳಿತು ಬರೆದುಕೊಂಡದ್ದು, ತಾಲ್ಲೂಕು ಕಚೇರಿಗಳಲ್ಲಿ ಸಿಕ್ಕ ಸೇತ್ವಾರ್ ಮತ್ತು ಖಾಸ್ರಾ ಪಹಣಿಯ ಹಾಳೆಗಳು, ಎಲ್ಲ ಸೇರಿ ಹದಿನಾಲ್ಕು ಸಾವಿರ ಚಿತ್ರ. ಅವನ್ನೆಲ್ಲ ಇಟ್ಟಿರುವ ಸೇವೆಯ ಪುಟದ ಕೆಳಗೆ ಒಂದು ಹಸಿರು ಎಲೆಯ ಗುರುತು, ಪಕ್ಕದಲ್ಲಿ 'ಇಂಗಾಲ ತಟಸ್ಥ' ಅನ್ನುವ ಅರ್ಥದ ಮಾತು. ಅಂದರೆ ನಾನು ಆ ಲೆಕ್ಕದ ಖರ್ಚಿನ ಕಡೆ ಇದ್ದೆ, ಕಾಕಾ ಜಮಾದ ಕಡೆ. ಒಂದೇ ಟೇಬಲ್ಲು, ಎರಡು ಚಹಾ. ಅವತ್ತು ಕಾಕಾನಿಗೆ ನೆಟ್ಟಗೆ ಏನೂ ಹೇಳಲಾಗಲಿಲ್ಲ. ಆಮೇಲೆ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಲೌಡ್ ಎಂಬ ಹೆಸರು ಇಟ್ಟವರು ಜಾಣರು. ಮೋಡಕ್ಕೆ ಸರ್ವೇ ನಂಬರು ಇರುವುದಿಲ್ಲ. ಆದರೆ ಈ ಮೋಡಕ್ಕಿದೆ. ನಮ್ಮೂರ ಕ್ರಾಸಿನಲ್ಲಿ ಬಸ್ ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ, ಪಟಾಣಚೆರು ದಾಟಿ ಹೈದರಾಬಾದ್. ಅಮೆಜಾನ್ ಸಂಸ್ಥೆ ಅಲ್ಲಿ 20,761 ಕೋಟಿ ರೂಪಾಯಿ ಹೂಡುತ್ತದೆಂದು ತೆಲಂಗಾಣ ಸರ್ಕಾರ ಪ್ರಕಟಿಸಿದ್ದು 2020ರ ನವೆಂಬರಿನಲ್ಲಿ. 2022ರ ನವೆಂಬರಿನಲ್ಲಿ ಅದರ ಹೈದರಾಬಾದ್ ಕೇಂದ್ರಗಳು ಚಾಲೂ ಆದವು. ಮೈಕ್ರೋಸಾಫ್ಟ್ ಕೂಡ ಅದೇ 2022ರಲ್ಲಿ ಹೈದರಾಬಾದನ್ನು ಆರಿಸಿಕೊಂಡಿತು. ರಂಗಾರೆಡ್ಡಿ ಜಿಲ್ಲೆಯ ಚಂದನವೆಳ್ಳಿಯಂಥ ಹಳ್ಳಿಗಳ ಹೊಲಗಳಲ್ಲಿ ಈ ಕಟ್ಟಡಗಳು ಎದ್ದಿವೆ. ಹೆಸರು ಕೇಳಿದರೆ ನಮ್ಮ ಸೀಮೆಯ ಊರೇ ಅನ್ನಿಸುತ್ತದೆ. ಕಿಟಕಿಯಿಲ್ಲದ ದೊಡ್ಡ ಗೋದಾಮುಗಳು, ಒಳಗೆ ಸಾಲುಸಾಲು ಯಂತ್ರ, ಯಂತ್ರ ಕಾಯದ ಹಾಗೆ ತಂಪು ಮಾಡುವ ಇನ್ನೊಂದು ಸಾಲು ಯಂತ್ರ, ಕರೆಂಟು ಹೋದರೆ ಓಡಲು ಡೀಸೆಲ್ ಜನರೇಟರು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಬಳಸಿದ ವಿದ್ಯುತ್ತು ಸುಮಾರು 415 ಟೆರಾವ್ಯಾಟ್ ಅವರ್, ಅಂದರೆ 41,500 ಕೋಟಿ ಯೂನಿಟ್. ಒಟ್ಟು ಬಳಕೆಯ ಶೇಕಡಾ ಒಂದೂವರೆ. 2030ಕ್ಕೆ ಇದು ಎರಡು ಪಟ್ಟಿಗಿಂತ ಹೆಚ್ಚಾಗಬಹುದು. ನಮ್ಮ ದೇಶದ ಜಾಲದಿಂದ ಒಂದು ಯೂನಿಟ್ ವಿದ್ಯುತ್ತು ಬಂದರೆ ಅದರ ಹಿಂದೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಯಾಕೆಂದರೆ ಬಹುಪಾಲು ವಿದ್ಯುತ್ತು ಇನ್ನೂ ಕಲ್ಲಿದ್ದಲಿನದೇ. 100 ಮೆಗಾವ್ಯಾಟಿನ ಒಂದು ಡೇಟಾ ಸೆಂಟರ್ ವರ್ಷವಿಡೀ ಪೂರ್ತಿ ಓಡಿತು ಅಂದುಕೊಳ್ಳಿ. 87.6 ಕೋಟಿ ಯೂನಿಟ್ ಆಯಿತು. ಜಾಲದ ವಿದ್ಯುತ್ತನ್ನೇ ನಂಬಿದರೆ ಆರು ಲಕ್ಷ ಟನ್ನಿಗಿಂತ ಹೆಚ್ಚು. ಈ ಆರು ಲಕ್ಷದ ಅಂಕಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಹೊಗೆಯನ್ನು ಒಂದು ಕಡೆ ಬಿಟ್ಟು ಗಿಡವನ್ನು ಇನ್ನೊಂದು ಕಡೆ ನೆಡುವ ಯೋಚನೆ ಕಂಪ್ಯೂಟರಿನವರದಲ್ಲ. ಭೌತವಿಜ್ಞಾನಿ ಫ್ರೀಮನ್ ಡೈಸನ್ 1977ರಲ್ಲಿ ಒಂದು ಪ್ರಬಂಧ ಬರೆದು, ಗಾಳಿಯಲ್ಲಿನ ಇಂಗಾಲ ಮಿತಿಮೀರಿದರೆ ಜಗತ್ತಿನಾದ್ಯಂತ ವೇಗವಾಗಿ ಬೆಳೆಯುವ ಗಿಡಗಳನ್ನು ನೆಟ್ಟು ತಡೆಯಬಹುದೇ ಎಂದು ಲೆಕ್ಕ ಹಾಕಿದ್ದ. ಅದು ತುರ್ತಿನ ಉಪಾಯ, ಕಲ್ಲಿದ್ದಲು-ಎಣ್ಣೆಯಿಂದ ಹೊರಬರುವವರೆಗೆ ಸಮಯ ಕೊಂಡುಕೊಳ್ಳುವುದಕ್ಕೆ ಮಾತ್ರ ಅನ್ನುವುದು ಅವನ ಮಾತಿನಲ್ಲೇ ಇತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಅರ್ಧ ಉದುರಿಹೋಯಿತು. 1988ರಲ್ಲಿ ಎಇಎಸ್ ಎಂಬ ಅಮೆರಿಕದ ವಿದ್ಯುತ್ ಕಂಪನಿ ಕನೆಕ್ಟಿಕಟ್‌ನಲ್ಲಿ ಕಟ್ಟುತ್ತಿದ್ದ ಕಲ್ಲಿದ್ದಲು ಸ್ಥಾವರದ ಹೊಗೆಗೆ ಬದಲಾಗಿ ಗ್ವಾಟೆಮಾಲಾದ ರೈತರಿಂದ 5 ಕೋಟಿ 20 ಲಕ್ಷ ಗಿಡ ನೆಡಿಸಲು ಹಣ ಕೊಟ್ಟಿತು. ಇಂಗಾಲದ ವಿನಿಮಯದ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ. ಹತ್ತು ವರ್ಷದ ನಂತರ ಅಳೆದಾಗ ಹಿಡಿದಿಟ್ಟ ಇಂಗಾಲ ಗುರಿಗಿಂತ ಬಹಳ ಹಿಂದಿತ್ತು. ಕಟ್ಟಿಗೆ ತರುವುದು, ಕೃಷಿಗೆ ಜಾಗ ಮಾಡಿಕೊಳ್ಳುವುದು ಆ ರೈತರ ಬದುಕಿನ ಭಾಗ, ಅದನ್ನು ಲೆಕ್ಕದ ಪುಸ್ತಕ ಎಣಿಸಿರಲಿಲ್ಲ. ಆ ಸ್ಥಾವರ 2011ರಲ್ಲಿ ದಿವಾಳಿಯೆದ್ದು ಮುಚ್ಚಿತು.

1997ರ ಕ್ಯೋಟೋ ಒಪ್ಪಂದ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ಅದರ ನಿಯಮಗಳು 2001ರಲ್ಲಿ ಮರಾಕೇಶಿನಲ್ಲಿ ಗಟ್ಟಿಯಾದಾಗ ಇರುವ ಕಾಡನ್ನು ಉಳಿಸಿದ್ದಕ್ಕೆ ಜಮಾ ಇಲ್ಲ, ಹೊಸದಾಗಿ ನೆಟ್ಟರೆ ಮಾತ್ರ ಎಂದು ತೀರ್ಮಾನವಾಯಿತು. ಅದರಲ್ಲೂ ಆ ಜಮೀನು 1989ರ ಡಿಸೆಂಬರ್ 31ರಂದು ಕಾಡಾಗಿರಬಾರದು. ಈ ತಾರೀಖು ಓದಿದಾಗ ನನಗೆ ನಗು ಬಂತು. ಹಳೆಯ ಪಹಣಿ ಹುಡುಕುವ ನನ್ನಂಥವನಿಗೂ ಈ ವ್ಯಾಪಾರದಲ್ಲಿ ಒಂದು ನೌಕರಿ ಇದೆ! ಗಿಡಗಳ ಜಮಾಕ್ಕೆ ಆಗ ಇನ್ನೊಂದು ಕಟ್ಟು ಹಾಕಿದ್ದರು: ಅದು ತಾತ್ಕಾಲಿಕ, ಅವಧಿ ಮುಗಿದ ಮೇಲೆ ಕೊಂಡವನು ಬೇರೆ ಜಮಾ ತಂದು ಕೂಡಿಸಬೇಕು. ಗಿಡ ಸಾಯುತ್ತದೆ ಅನ್ನುವುದು ಆ ನಿಯಮ ಬರೆದವರಿಗೆ ಗೊತ್ತಿತ್ತು. ಆಮೇಲೆ ಬೆಳೆದ ಖಾಸಗಿ ಮಾರುಕಟ್ಟೆಗೆ ಈ ಎಚ್ಚರ ಭಾರವಾಯಿತು.

ಇಷ್ಟು ಹೊರಗಿನ ಕಥೆ. ಆದರೆ 'ಇಲ್ಲಿನ ಕಾಡಿಗೆ ಬದಲಾಗಿ ಅಲ್ಲಿ ಕಾಡು' ಅನ್ನುವ ವಾದವನ್ನು ಕನ್ನಡನಾಡು ಕ್ಯೋಟೋಗಿಂತ ಮೊದಲೇ ಕೇಳಿ, ಜಗಳಾಡಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿದೆ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿದವು. ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯದು 49. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಬೆಳೆಯುವುದು, ಅದನ್ನು ಕಾರ್ಖಾನೆಗೆ ತಿರುಳು ಮಾಡಲು ಕೊಡುವುದು. ಇಂಥ ನೆಡುತೋಪುಗಳ ಪರವಾಗಿ ಆಗ ಹೇಳುತ್ತಿದ್ದ ಮಾತು ಕೇಳಲು ಚೆನ್ನಾಗಿತ್ತು: ಕಾರ್ಖಾನೆಗೆ ಬೇಕಾದ ಕಟ್ಟಿಗೆ ತೋಪಿನಿಂದಲೇ ಬಂದರೆ ನೈಸರ್ಗಿಕ ಕಾಡು ಉಳಿಯುತ್ತದೆ, ಮತ್ತು ಈ ಜಮೀನು ಹೇಗಿದ್ದರೂ ಪಾಳು.

ಪಾಳು ಯಾರಿಗೆ? ಧಾರವಾಡ ಜಿಲ್ಲೆಯ, ಈಗ ಹಾವೇರಿಗೆ ಸೇರಿದ, ಹಾನಗಲ್ ತಾಲ್ಲೂಕಿನ ಕುಸನೂರಿನವರಿಗೆ ಅದು ದನ ಮೇಯುವ, ಉರುವಲು ತರುವ, ಹುಲ್ಲು ಕೊಯ್ಯುವ ಜಾಗ. ತುಂಗಭದ್ರೆಗೆ ಬಿಡುತ್ತಿದ್ದ ಕಾರ್ಖಾನೆಯ ಕೊಳೆ ನೀರಿನ ವಿರುದ್ಧ ಅದಾಗಲೇ ಹೋರಾಡುತ್ತಿದ್ದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಊರುಗಳ ಜೊತೆ ನಿಂತಿತು. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯ ಮೊದಲ ಹೆಸರು ಶಿವರಾಮ ಕಾರಂತರದು. 1987ರ ಮಾರ್ಚಿನಲ್ಲಿ ಜಮೀನು ಹಸ್ತಾಂತರಕ್ಕೆ ತಡೆ ಬಂತು. ಅದಾದರೂ ನೆಡುವ ಕೆಲಸ ನಿಲ್ಲದಿದ್ದಾಗ, ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ಗುಣಿಯಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಅನ್ನುವ ಆ ಸತ್ಯಾಗ್ರಹದ ಹೆಸರಿನಲ್ಲೇ ಎರಡೂ ಕೆಲಸ ಇದೆ. ಬರೀ ಕಿತ್ತಿದ್ದರೆ ಪೊಲೀಸ್ ಪ್ರಕರಣವೊಂದಾಗಿ ಮುಗಿಯುತ್ತಿತ್ತೇನೋ. ಹಚ್ಚಿದ್ದರಿಂದ, ಯಾವ ಗಿಡ, ಯಾರ ಗಿಡ ಅನ್ನುವ ಪ್ರಶ್ನೆ ಎದ್ದು ನಿಂತಿತು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಲು ನಿರ್ಧರಿಸಿತು.

ಇದು ಒಂಟಿ ಘಟನೆಯೂ ಅಲ್ಲ. ಕೋಲಾರದ ಕಡೆ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ಬಂದಿತ್ತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸರ್ಕಾರಿ ನರ್ಸರಿಯ ಸಸಿಗಳನ್ನು ಕಿತ್ತು ಹಾಕಿದ್ದರು. ಅದೇ 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ಉಳಿಸಿದ ಇಂಗಾಲ ಎಷ್ಟು ಟನ್ ಎಂದು ಯಾರೂ ಯಾರಿಗೂ ಮಾರಲಿಲ್ಲ. ನೀಲಗಿರಿ ಬೆಳೆಯುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಇನ್ನು ಇಂಗಾಲದ ಹಣ ನಿಜವಾಗಿಯೂ ಬಂದ ಊರುಗಳ ಕಡೆ ಹೋಗೋಣ. ಬಾಗೇಪಲ್ಲಿಯ ಕಥೆ ನನಗೆ ಇದರಲ್ಲೆಲ್ಲ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಅಲ್ಲಿನ ಕೂಲಿ ಸಂಘ, ಅದರ ಹಿಂದಿನ ಅಡಾಟ್ಸ್ ಸಂಸ್ಥೆ 1970ರ ದಶಕದಿಂದ ಕೆಲಸ ಮಾಡುತ್ತ ಬಂದವು. 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ ಅವರ ಬಯೋಗ್ಯಾಸ್ ಯೋಜನೆ ನೋಂದಣಿಯಾಯಿತು. 5,500 ಮನೆಗಳಿಗೆ ಎರಡೆರಡು ಘನ ಮೀಟರಿನ ಗುಂಡಿ. ಸೆಗಣಿ ಕಲಸಿ ಹಾಕಿದರೆ ಒಲೆಗೆ ಗ್ಯಾಸು, ಹೊಲಕ್ಕೆ ಬಗ್ಗಡ. ಗಿಡ ನೆಡುವ ಯೋಜನೆಯಲ್ಲ ಇದು. ಗುಡ್ಡದ ಕುರುಚಲು ಕಾಡು ಒಲೆಗೆ ಹೋಗುವುದನ್ನು, ಸೀಮೆಎಣ್ಣೆ ಉರಿಯುವುದನ್ನು ತಪ್ಪಿಸುವುದು. ಒಂದು ಮನೆಗೆ ವರ್ಷಕ್ಕೆ ಸುಮಾರು ಮೂರೂವರೆ ಟನ್, ಎಲ್ಲ ಸೇರಿ 19 ಸಾವಿರ ಟನ್ನಿನ ಆಸುಪಾಸು ಉಳಿತಾಯ ಎಂದು ಯೋಜನೆಯ ಲೆಕ್ಕ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಹೊಗೆಯಿಲ್ಲದ ಒಲೆಯ ಲಾಭ ಅದೇ ದಿನ ಅದೇ ಹೆಂಗಸಿಗೆ ಸಿಗುತ್ತದೆ. ಇಂಗಾಲದ ಬೆಲೆ ಬಿದ್ದರೂ ಅಡುಗೆ ನಿಲ್ಲುವುದಿಲ್ಲ, ಹೊಲ ಕೈಬಿಡುವುದಿಲ್ಲ. ಎರಡು, ಜಮಾದ ಒಡೆಯರು ಸಂಘಟಿತರು. ಕರಾರಿನ ಭಾಷೆ ಬಲ್ಲವರು ಅವರ ಕಡೆಯೇ ಇದ್ದರು. ನಮ್ಮೂರ ಕ್ರಾಸಿನಲ್ಲಿ ಆರು ಪುಟ ಹಿಡಿದುಕೊಂಡು ಕುಳಿತ ಕಾಕಾನಿಗೆ ಅಂಥ ಸಂಘ ಇಲ್ಲ. ಇದ್ದದ್ದು ನಾನು, ಅದೂ ಪ್ರಬಂಧ ಮುಗಿಯದ ನಾನು.

ಈಗ ಆ ಆರು ಲಕ್ಷ ಟನ್ನಿಗೆ ಬರೋಣ. 100 ಮೆಗಾವ್ಯಾಟಿನ ಒಂದೇ ಒಂದು ಕಟ್ಟಡದ ವರ್ಷದ ಹೊಗೆಗೆ ಮೂವತ್ತಕ್ಕಿಂತ ಹೆಚ್ಚು ಬಾಗೇಪಲ್ಲಿಗಳು ಬೇಕು. ಒಂದೂಮುಕ್ಕಾಲು ಲಕ್ಷ ಮನೆಯ ಒಲೆ ಎನ್ನಿ. ಎರಡನೆಯ ಕಟ್ಟಡಕ್ಕೆ ಇನ್ನಷ್ಟು. ಅಡುಗೆಮನೆಗಳು ಸಾಲುವುದಿಲ್ಲ ಅನ್ನುವುದು ಗೊತ್ತಾದಾಗಲೇ ಕಂಪನಿಗಳ ಕಣ್ಣು ದೊಡ್ಡ ಕಾಡುಗಳ ಕಡೆ ತಿರುಗಿದ್ದು ಅಂತ ನನ್ನ ಅನಿಸಿಕೆ. ಮರಾಕೇಶ್ ಬಾಗಿಲು ಹಾಕಿದ್ದ 'ಇರುವ ಕಾಡನ್ನು ಉಳಿಸಿದ್ದಕ್ಕೆ ಜಮಾ' ಖಾಸಗಿ ಮಾರುಕಟ್ಟೆಯಲ್ಲಿ ದೊಡ್ಡ ವ್ಯಾಪಾರವಾಯಿತು.

ಕಾಡು ಉಳಿಸುವುದಕ್ಕೆ ಹಣ ಕೊಟ್ಟರೆ ತಪ್ಪೇನು? ಏನೂ ಇಲ್ಲ, ಕೊಡಬೇಕು. ತೊಡಕು ಇರುವುದು ಲೆಕ್ಕದಲ್ಲಿ. ಇಷ್ಟು ಕಾಡು ಉಳಿಯಿತು ಅನ್ನಲು, ನಾವಿಲ್ಲದಿದ್ದರೆ ಇಷ್ಟು ಹೋಗುತ್ತಿತ್ತು ಎಂದು ಮೊದಲು ಹೇಳಬೇಕು. ನಡೆಯದೆ ಹೋದ ಘಟನೆಯ ಚರಿತ್ರೆ ಅದು. ನಮ್ಮ ಮಾರ್ಗದರ್ಶಕರು ಸೆಮಿನಾರಿನಲ್ಲಿ 'ಹೀಗಾಗದಿದ್ದರೆ ಹಾಗಾಗುತ್ತಿತ್ತು ಅಂತ ಬರೆಯಬೇಡ' ಎಂದು ಕೆಂಪು ಗೆರೆ ಎಳೆಯುತ್ತಾರೆ. ಅಲ್ಲಿ ಆ ವಾಕ್ಯಕ್ಕೇ ಟನ್ನಿಗಿಷ್ಟು ಎಂದು ಬೆಲೆ. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇಂಥ ಅರಣ್ಯ ಯೋಜನೆಗಳನ್ನು ಅವುಗಳಂಥದ್ದೇ ಬೇರೆ ಕಾಡುಗಳ ಜೊತೆ ಹೋಲಿಸಿ, ಹೆಚ್ಚಿನವು ಕಡಿತವನ್ನು ಹೇಳಿಕೊಂಡಷ್ಟು ತಗ್ಗಿಸಿಯೇ ಇರಲಿಲ್ಲ ಎಂದು ತೋರಿಸಿತು. ಇನ್ನೊಂದು ತೊಡಕು ಬೆಂಕಿ. 2021ರ ಬೇಸಿಗೆಯಲ್ಲಿ ಅಮೆರಿಕದ ಒರೆಗಾನಿನಲ್ಲಿ ನಾಲ್ಕು ಲಕ್ಷ ಎಕರೆ ಸುಟ್ಟಿತು. ಮೈಕ್ರೋಸಾಫ್ಟ್ ತನ್ನ ಜಮಾ ಕೊಂಡಿದ್ದ ಕಾಡೊಂದು ಅದರೊಳಗಿತ್ತು.

ಕಂಪನಿಗಳ ಪುಸ್ತಕಗಳನ್ನೇ ನೋಡಿದರೂ ಗೊತ್ತಾಗುತ್ತದೆ. 2007ರಿಂದ ಇಂಗಾಲ ತಟಸ್ಥ ಅನ್ನಿಸಿಕೊಂಡಿದ್ದ ಗೂಗಲ್, 2023ರ ತನ್ನ ಹೊರಸೂಸುವಿಕೆ 2019ಕ್ಕಿಂತ ಶೇಕಡಾ 48 ಏರಿದೆ ಎಂದು ತಾನೇ ವರದಿ ಮಾಡಿ, ಆ ಹಳೆಯ ಬಿರುದನ್ನು ಜಮಾ ಕೊಂಡು ಉಳಿಸಿಕೊಳ್ಳುವುದನ್ನು ಕೈಬಿಟ್ಟಿತು. 2030ಕ್ಕೆ ಬಿಟ್ಟಿದ್ದಕ್ಕಿಂತ ಹೆಚ್ಚು ಇಂಗಾಲ ತೆಗೆಯುತ್ತೇನೆ ಎಂದು 2020ರಲ್ಲಿ ಮಾತು ಕೊಟ್ಟ ಮೈಕ್ರೋಸಾಫ್ಟಿನ ಹೊರಸೂಸುವಿಕೆ, 2024ರ ಅದರದೇ ವರದಿಯಂತೆ, ಆ ವರ್ಷಕ್ಕಿಂತ ಶೇಕಡಾ 29ರಷ್ಟು ಮೇಲೆ. ಹೊಸ ಡೇಟಾ ಸೆಂಟರುಗಳ ಸಿಮೆಂಟು, ಉಕ್ಕು ಅದಕ್ಕೆ ಒಂದು ಕಾರಣ. ಅವರು ಸುಳ್ಳು ಹೇಳಲಿಲ್ಲ, ಬರೆದು ಪ್ರಕಟಿಸಿದರು. ಅದನ್ನು ಒಪ್ಪಿಕೊಳ್ಳಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಕಾಲದ ಲೆಕ್ಕ. ಸಿಂಗರೇಣಿಯ ಗಣಿಯಿಂದ ರಾಯಚೂರಿನ ಶಕ್ತಿನಗರದಂಥ ಸ್ಥಾವರಗಳಿಗೆ ಬರುವ ಕಲ್ಲಿದ್ದಲು ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದಿನ ಕಾಡು. ಅದನ್ನು ಸುಟ್ಟು ಬಿಟ್ಟ ಇಂಗಾಲದ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಅದಕ್ಕೆ ಬದಲಾಗಿ ಕೇಳುತ್ತಿರುವುದು ಕಾಕಾನ ಮಡ್ಡಿಯ 40 ವರ್ಷ. ಫಸಲಿ ಸನ್‌ಗೆ 590 ಕೂಡಿಸಿದರೆ ಇಸವಿ ಬರುತ್ತದೆ ಎಂದು ಕಲಿತು ನಿಜಾಮರ ಕಾಗದ ಓದುವವನು ನಾನು. ಈ ಎರಡು ಪಂಚಾಂಗಗಳನ್ನು ಕೂಡಿಸುವ ಸಂಖ್ಯೆ ನನಗೆ ಸಿಗಲಿಲ್ಲ.

ಬೀದರಿಗೆ ಬಂದರೆ ನನ್ನ ದಾಖಲೆಗಳೂ ಒಂದು ಮಾತು ಹೇಳುತ್ತವೆ. ನಮ್ಮದು ಮಲೆನಾಡಲ್ಲ. ಕೆಂಪು ಜಂಬಿಟ್ಟಿಗೆಯ ಮಡ್ಡಿ, ಅದರ ಮೇಲೆ ಹುಲ್ಲು, ಅಲ್ಲಲ್ಲಿ ಕುರುಚಲು. ದೇವಣಿ ದನ, ಕುರಿ, ಕೃಷ್ಣಮೃಗ ಎಲ್ಲ ಆ ಹುಲ್ಲನ್ನೇ ನಂಬಿದವು. ನಿಜಾಮರ ಕಂದಾಯದ ಪುಸ್ತಕದಲ್ಲಿ ಇಂಥ ನೆಲಕ್ಕೆ ಗಾಯರಾಣ ಅನ್ನುವ ಕಾಲಂ ಬೇರೆ, ಬಂಜರು ಅನ್ನುವುದು ಬೇರೆ. ಊರಿನವರು ಮೇಯಿಸುವುದು ಒಂದು, ಯಾರೂ ಉಳದೆ ಬಿಟ್ಟಿದ್ದು ಇನ್ನೊಂದು. ಹೈದರಾಬಾದ್ ಅರಣ್ಯ ಕಾಯ್ದೆ 1355 ಫಸಲಿ, ಅಂದರೆ 1945ರದ್ದು. ಬೀದರ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು, 1963ರಲ್ಲಿ ಹೊಸ ಅರಣ್ಯ ಕಾಯ್ದೆಯಾಯಿತು. ಭಾಷೆ ಉರ್ದುವಿನಿಂದ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಗುವಾಗ ನಾನು ನೋಡಿದ ಹಾಳೆಗಳಲ್ಲಿ ಈ ಎರಡು ಕಾಲಂಗಳ ನಡುವಿನ ಗೆರೆ ಮಸುಕಾಗುತ್ತ ಹೋಗುತ್ತದೆ. ದನ ಮೇಯುವ ನೆಲ ಕಾಗದದಲ್ಲಿ 'ಬೀಳು' ಆಗುತ್ತದೆ. ಬೀಳು ಆದ ಮೇಲೆ ಅಲ್ಲಿ ಯಾರು ಏನು ನೆಟ್ಟರೂ ಪುಣ್ಯ.

2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಾಗಲಿ, ಕೇಂದ್ರ ಸರ್ಕಾರ 2023ರ ಅಕ್ಟೋಬರಿನಲ್ಲಿ ತಂದ ಹಸಿರು ಕ್ರೆಡಿಟ್ ನಿಯಮಗಳಾಗಲಿ ಹುಡುಕುವುದು ಇಂಥ ನೆಲವನ್ನೇ. ಹಸಿರು ಕ್ರೆಡಿಟ್ಟಿನ ಮೊದಲ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ, ಗಿಡಕ್ಕೊಂದು ಕ್ರೆಡಿಟ್ ಎಂದಿತ್ತು. ಹುಲ್ಲಿಗೆ ಕ್ರೆಡಿಟ್ ಇಲ್ಲ. ಮಡ್ಡಿಯ ಹುಲ್ಲಿನ ಬೇರಿನ ಕೆಳಗೂ ಇಂಗಾಲ ಕೂತಿರುತ್ತದೆ, ಗುಣಿ ತೋಡಿದರೆ ಅದು ಏಳುತ್ತದೆ ಅನ್ನುವುದನ್ನು ಗಿಡ ಎಣಿಸುವವನು ನೋಡುವುದಿಲ್ಲ.

ಇದನ್ನೆಲ್ಲ ಹೊತ್ತುಕೊಂಡು ಯುಗಾದಿಗೆ ಮತ್ತೆ ಊರಿಗೆ ಹೋದೆ. ಕಾಕಾ ಅರ್ಧ ಕೇಳಿ ಕೈ ಎತ್ತಿ ನಿಲ್ಲಿಸಿದರು. 'ಅಷ್ಟೆಲ್ಲ ಬ್ಯಾಡ. ನಾ ಅವ್ನಿಗಿ ಏನ್ ಕೇಳ್ಬೇಕು ಅದಷ್ಟ ಹೇಳು.' ಮೂರು ಪ್ರಶ್ನೆ ಕನ್ನಡದಲ್ಲಿ ಬರೆದುಕೊಟ್ಟೆ. ಗಿಡ ಒಣಗಿದರೆ ನಷ್ಟ ಯಾರದು? ಟನ್ನನ್ನು ಎಷ್ಟಕ್ಕೆ ಮಾರಿದಿರಿ ಎಂದು ನಮಗೆ ರಸೀದಿ ತೋರಿಸುತ್ತೀರಾ? ನಡುವೆ ಹೊಲ ಪಾಲಾದರೆ ಕರಾರು ಯಾವ ಮಗನ ಮೇಲೆ? ಕಾಕಾ ನಾಲ್ಕನೆಯದನ್ನು ತಾವೇ ಸೇರಿಸಿದರು: ಮಡ್ಡಿಯಲ್ಲಿ ಆಡು ಬಿಡಬಹುದೋ ಇಲ್ಲವೋ. ಹಳ್ಳಿಗೆ ಬರುತ್ತಿದ್ದ ಹುಡುಗ ಒಳ್ಳೆಯವನು, ಅವನೂ ನಮ್ಮ ಕಡೆಯವನೇ. ನಾಲ್ಕನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಂಡು 'ಆಫೀಸಿಗಿ ಕೇಳಿ ಹೇಳ್ತೀನ್ರಿ ಕಾಕಾ' ಅಂದ. ಆ ಚಿತ್ರವೂ ಎಲ್ಲೋ ಒಂದು ಕ್ಲೌಡಿನಲ್ಲಿ ಕುಳಿತಿರುತ್ತದೆ.

ಉತ್ತರ ಇನ್ನೂ ಬಂದಿಲ್ಲ. ಕಾಗದ ಟ್ರಂಕಿನಲ್ಲಿ ಪಹಣಿಯ ಜೊತೆ ಇದೆ. ಮೃಗಶಿರಾ ಮಳೆ ಬಿದ್ದ ಮೇಲೆ ಕಾಕಾ ಬದುವಿನ ಮೇಲೆ ಇಪ್ಪತ್ತು ಹುಣಸೆ ಸಸಿ ಹಚ್ಚಿದರು, ಯಾರಿಗೂ ಬರೆದುಕೊಡದೆ. ನಾನು ಎಣಿಸಿದಾಗ ಹನ್ನೊಂದು ಬದುಕಿದ್ದವು.